ಕಲಿಸುವವರ ಕಲಿಕೆ

ಕಲಿಯಲು ಮನಸ್ಸಿಲ್ಲದ ಶಿಕ್ಷಕರನ್ನು ಕಡ್ಡಾಯವಾಗಿ ಕಲಿಯಲು ಕೂರಿಸುವುದು ಧರ್ಮವೇ? ಧರ್ಮವೆಂದೇ ನಮ್ಮ ಭಾವನೆ. ಏಕೆಂದರೆ ಮಗುವಿಗೆ ತನ್ನ ಗುರುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಆದರೆ ಏನನ್ನು ಕಲಿಯಬೇಕೆಂಬ ಆಯ್ಕೆ ಶಿಕ್ಷಕರಿಗಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಕಲಿಕೆಯನ್ನು ಅಪೇಕ್ಷಿಸುವಾಗ, ಅದು ಶಿಕ್ಷಕರ ಸ್ವಂತ ಆಸಕ್ತಿಯಿಂದ ನಡೆಯಬೇಕೆಂದೂ ಹೇಳಿದೆ. ಈ ಎರಡನೆಯ ಮಾತನ್ನು ಗಮನಿಸುವವರು ವಿರಳ.

ವಾಚಕರೇ, ನಮ್ಮ ನಾಡಿನ ನಿದರ್ಶನವನ್ನೇ ನೋಡಿರಿ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಬೋಧನಕ್ರಮವನ್ನು ಕಂಡು ಬಂದರು. ಮರಳಿದವರು ಕೂಡಿ ಕುಳಿತು ಕಲಿಕೆಯ ಕಾರ್ಡುಗಳನ್ನು ರಚಿಸಿದರು. ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಮುಂದುವರಿಯುವ ‘ನಲಿಕಲಿ’ ಹುಟ್ಟಿದ್ದು ಹೀಗೆ. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಸಿದ್ಧ ಕಾರ್ಡುಗಳನ್ನು ಪಡೆದ ಶಿಕ್ಷಕರಿಗೂ ಹಾಗೆ ಹೋಗಿ ನೋಡುವ, ತಾವೇ ಮಾಡಿ ತಿದ್ದುವ ಅವಕಾಶ ದೊರೆಯಬೇಕಲ್ಲವೇ?