ತಾಟಸ್ಥ್ಯದ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ಪ್ರಾಂತದಲ್ಲಿ, ಅಪಲೇಚಿಯನ್ ಪರ್ವತಸಮೂಹಕ್ಕೆ ಸೇರಿದ ಬ್ಲೂ ರಿಜ್ ಶ್ರೇಣಿಯ ಹಾಕ್ಸ್‌ಬಿಲ್, ಸ್ಟೋನಿ ಮ್ಯಾನ್, ಪಿನಕಲ್ಸ್ ಎಂಬ ಮೂರು ಶಿಖರಗಳಲ್ಲಿ, ಆ ಮೂರರ ಹೊರತು ಭೂಮಂಡಲದಲ್ಲಿ ಮತ್ತೆಲ್ಲಿಯೂ ಕಾಣದ ಒಂದು ಜೀವಿ ವಾಸವಾಗಿದೆ. ಶೆನಾಂಡೋವಾ ಸಲಮಾಂಡರ್ ಎಂದು ಅದರ ಹೆಸರು. ರೂಪದಲ್ಲಿ ಹಲ್ಲಿಯನ್ನು ಹೋಲುವುದಾದರೂ ಕುಲದಿಂದ ಅದು ಕಪ್ಪೆಯ ಬಂಧು. ಬಾಲವೂ ಸೇರಿ ಸುಮಾರು 4 ಅಂಗುಲದ ಉದ್ದ. ಕಪ್ಪು ಮೈ, ಕೆಲವಕ್ಕೆ ಬೆನ್ನಿನ ಉದ್ದಕ್ಕೂ ಕೆಂಪನೆಯ ಒಂದು ಸಪುರ ಪಟ್ಟೆ. ದಕ್ಷಿಣ ಭಾರತದ ಕಾಡುಗಳಲ್ಲಿ ಈ ವರ್ಗದ ಪ್ರಾಣಿಯಿಲ್ಲ. ಅದರ ದೂರದ ನಂಟರನ್ನು ನಮ್ಮ ದೇಶದಲ್ಲಿ ಕಾಣಬೇಕೆಂದರೆ ಡಾರ್ಜಿಲಿಂಗಿನ ಕಡೆಯ ಹಿಮಾಲಯಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು.

ಈ ಪ್ರಾಣಿಗೆ ಶ್ವಾಸಕೋಶವಿಲ್ಲ. ಚರ್ಮದ ಮೂಲಕವೂ ಬಾಯಿಯ ಒಳಪೊರೆಯ ಮೂಲಕವೂ ಅದು ಉಸಿರಾಡುವುದರಿಂದ, ಮೈಯ ತೇವ ಆರಿತೆಂದರೆ ಉಸಿರೇ ನಿಂತಂತೆ. ಹಾಗಿದ್ದೂ ಅದು ನೀರನ್ನು ಆಶ್ರಯಿಸಿ ಬದುಕುವುದಿಲ್ಲ. ನೆಲದ ತೇವದ ಸಂದುಗಳಲ್ಲಿ ಮೊಟ್ಟೆಯಿಡುತ್ತದೆ, ತಾಯಿ ಕಾವಲಿರುತ್ತದೆ, ಗೊದಮೊಟ್ಟೆಯ ಅವಸ್ಥೆಯೇ ಇಲ್ಲದೆ ಮರಿ ಹಿರಿಯರ ಕಿರಿಯ ಪ್ರತಿರೂಪವಾಗಿ ಹೊರಬರುತ್ತದೆ. ಇಂಥ ದೇಹಧರ್ಮವುಳ್ಳ ಜೀವಿಗೆ ಸಹಜವಾಗಿ ಬೇಕಾದುದು ಆಳವಾದ, ತಂಪಾದ, ತರಗೆಲೆ ಕೊಳೆತು ಮೃದುವಾದ ಮಣ್ಣು. ಆದರೆ ಆ ಮಣ್ಣು ಅದಕ್ಕೆ ದಕ್ಕಿಲ್ಲ. ಕೆನಡದಿಂದ ಉತ್ತರ ಕ್ಯಾರೊಲೈನದವರೆಗೆ ಹಬ್ಬಿ ಸಮೃದ್ಧವಾಗಿ ಬಾಳುತ್ತಿರುವ ಅದರದೇ ಜಾತಿಯ ಕೆಂಬೆನ್ನಿನ ಸಲಮಾಂಡರ್ ಒಳ್ಳೆಯ ಮಣ್ಣನ್ನೆಲ್ಲ ಆಕ್ರಮಿಸಿಕೊಂಡು, ತನ್ನ ಈ ದಾಯಾದಿಯನ್ನು ಬಂಡೆಚೂರುಗಳು ರಾಶಿಬಿದ್ದ ಇಳಿಜಾರುಗಳಿಗೆ, ಕಲ್ಲಿನ ನಡುವೆ ಅಷ್ಟಿಷ್ಟು ಮಣ್ಣು ನಿಂತ ಗುಳಿಗಳಿಗೆ ತಳ್ಳಿದೆ. ಕೆಂಬೆನ್ನಿನದು ಅಲ್ಲಿಗೆ ನುಗ್ಗಲಾರದು, ಏಕೆಂದರೆ ಆ ಶುಷ್ಕತೆಯನ್ನು ಅದು ತಾಳಲಾರದು. ಪ್ರಬಲನಿಗೆ ಬೇಡವಾದ ಬರಡು ನೆಲವೇ ದುರ್ಬಲನ ದುರ್ಗವಾಯಿತು. ರಾಬರ್ಟ್ ಜೇಗರ್ ಎಂಬ ವಿಜ್ಞಾನಿ 1970ರಲ್ಲಿ ಈ ಸ್ಪರ್ಧೆಯನ್ನು ವಿವರಿಸಿ, ಕಲ್ಲುಗಳು ಸವೆದು ಮಣ್ಣಾದಂತೆಲ್ಲ ಆ ದುರ್ಗವೂ ಕುಸಿದು, ಈ ಜೀವಿ ನಶಿಸಿಹೋಗುವ ಸಂಭವವಿದೆಯೆಂದು ಸೂಚಿಸಿದರು. 1989ರಲ್ಲಿ ಅಮೆರಿಕದ ಸರ್ಕಾರ ಇದನ್ನು ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದನ್ನು ಉಳಿಸುವುದು ಮನುಷ್ಯನ ಕರ್ತವ್ಯವೇ, ಕರ್ತವ್ಯವಾದರೆ ಯಾವ ಕಾರಣದಿಂದ, ಎಂಬುದು ನನ್ನ ಪ್ರಶ್ನೆ. ವನ್ಯಜೀವಿಗಳ ಪರವಾಗಿ ಸಾಮಾನ್ಯವಾಗಿ ಮುಂದಿಡುವ ಸಮಾಧಾನಗಳಲ್ಲಿ ಮೊದಲನೆಯದು ಉಪಯೋಗದ್ದು. ಸಲಮಾಂಡರುಗಳು ಕಾಡಿಗೆ ಬೇಕಾದ ಜೀವಿಗಳೆಂಬುದರಲ್ಲಿ ಸಂದೇಹವಿಲ್ಲ. ನ್ಯೂ ಹ್ಯಾಂಪ್‌ಷೈರಿನ ಹಬ್ಬರ್ಡ್ ಬ್ರೂಕ್ ಅರಣ್ಯವನ್ನು ಕುರಿತು 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಲಿನ ಸಲಮಾಂಡರುಗಳ ಒಟ್ಟು ತೂಕ ಹಕ್ಕಿಗಳ ಒಟ್ಟು ತೂಕದ ಸುಮಾರು ಎರಡರಷ್ಟೆಂದು ಕಂಡುಬಂದಿತು. ಆದರೆ ಆ ಉಪಯೋಗ ವರ್ಗದ್ದು. ನಮ್ಮ ಈ ಮೂರು ಶಿಖರಗಳ ನಿವಾಸಿ ನಾಳೆ ಇಲ್ಲವಾದರೆ ಅದು ತಿನ್ನುತ್ತಿದ್ದ ಹುಳುಹುಪ್ಪಟೆಗಳನ್ನು ಕೆಂಬೆನ್ನಿನದು ತಿನ್ನುತ್ತದೆ, ಕಾಡಿನ ವ್ಯವಹಾರದಲ್ಲಿ ಕೊರತೆಯೇನೂ ಕಾಣದು. ಸೌಂದರ್ಯವನ್ನು ಹೇಳೋಣವೆಂದರೆ, ಮಳೆಯ ರಾತ್ರಿಯಲ್ಲಿ ಮಾತ್ರ ಕಲ್ಲಿನಡಿಯಿಂದ ಹೊರಬರುವ ಇದನ್ನು ನೋಡಿದವರೇ ಅತ್ಯಲ್ಪ. ಆದುದರಿಂದಲೇ ಈ ಪ್ರಸಂಗ ನನಗೆ ಮುಖ್ಯವಾಗಿ ತೋರುತ್ತದೆ: ಹುಲಿಯ ವಿಷಯದಲ್ಲಿ, ಆನೆಯ ವಿಷಯದಲ್ಲಿ ನಾವು ಹೇಳುವ ಸುಲಭವಾದ ಮಾತುಗಳು ಯಾವುವೂ ಇಲ್ಲಿ ಸಲ್ಲದೆ, ನಮ್ಮ ಧರ್ಮಬುದ್ಧಿ ತನ್ನ ಸ್ವಂತ ಬಲದಿಂದಲೇ ನಿಲ್ಲಬೇಕಾಗುತ್ತದೆ. ಅಮೆರಿಕದ 1973ರ ಶಾಸನವಾದರೋ ಜೀವಿಯ ರಕ್ಷಣೆಗೆ ಉಪಯೋಗವನ್ನು ನಿಬಂಧನೆಯಾಗಿ ಇಡಲಿಲ್ಲ. ಆ ಶಾಸನದ ಬಲದಿಂದಲೇ 1978ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಬೆರಳುದ್ದದ ಒಂದು ಮೀನಿಗಾಗಿ, ಮುಗಿಯುತ್ತ ಬಂದಿದ್ದ ಅಣೆಕಟ್ಟನ್ನು ತಡೆಯಿತು. ಮರುವರ್ಷವೇ ಶಾಸಕರು ಆ ಅಣೆಕಟ್ಟಿಗೆ ವಿನಾಯಿತಿ ಕೊಟ್ಟರೆಂಬುದೂ ಇತಿಹಾಸವೇ.

ಪ್ರತಿಪಕ್ಷದ ವಾದವೊಂದಿದೆ, ಅದನ್ನು ಲಘುವಾಗಿ ಕಾಣುವುದು ನ್ಯಾಯವಲ್ಲ. ಮನುಷ್ಯ ಕೊಂದ ಜೀವಿಗೆ ಮನುಷ್ಯ ಹೊಣೆಯಾಗಲಿ. ಆದರೆ ಒಂದು ಸಲಮಾಂಡರ್ ಇನ್ನೊಂದನ್ನು ಸೋಲಿಸುತ್ತಿರುವಾಗ ನಡುವೆ ಬರಲು ನಮಗೇನು ಅಧಿಕಾರ? ಸೃಷ್ಟಿಯಲ್ಲಿ ಹುಟ್ಟಿದ ಜೀವಜಾತಿಗಳಲ್ಲಿ ಬಹುಪಾಲು ಮನುಷ್ಯನು ಬರುವ ಮೊದಲೇ ಅಳಿದುಹೋದವಲ್ಲವೆ? ಮತ್ಸ್ಯನ್ಯಾಯವನ್ನು ತಡೆಯುವುದು ರಾಜಧರ್ಮವೆಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯಸಮಾಜಕ್ಕೆ. ಮೀನುಗಳ ನಡುವಣ ಮತ್ಸ್ಯನ್ಯಾಯಕ್ಕೆ ದಂಡವನ್ನು ಅವರು ವಿಧಿಸಲಿಲ್ಲ. ಪ್ರಕೃತಿಯ ನಾಟಕದಲ್ಲಿ ನಾವು ಪ್ರೇಕ್ಷಕರಾಗಿ, ಸಾಕ್ಷಿಮಾತ್ರರಾಗಿ ಇರುವುದೇ ಉಚಿತವೆಂದು ಈ ಪಕ್ಷದವರು ಹೇಳುತ್ತಾರೆ.

ಈ ವಾದದ ತರ್ಕ ಸರಿಯಾದುದೇ. ನಾವು ಸಾಕ್ಷಿಗಳೆಂಬ ಅದರ ಪೂರ್ವಪ್ರತಿಜ್ಞೆ ಮಾತ್ರ ಸುಳ್ಳು. ಆ ಬೆಟ್ಟಗಳನ್ನೇ ನೋಡೋಣ. ಅಲ್ಲಿನ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾದದ್ದು 1935ರಲ್ಲಿ. ಅದಕ್ಕಾಗಿ ತಲೆಮಾರುಗಳಿಂದ ಅಲ್ಲಿ ಉತ್ತು ಬಾಳಿದ್ದ ನೂರಾರು ಬಡ ಕುಟುಂಬಗಳನ್ನು ಮನೆಮಾರು ಬಿಡಿಸಿ ಕಳುಹಿಸಲಾಯಿತು. ಈ ಅನ್ಯಾಯವನ್ನು ಮರೆತು ಆ ಕಾಡನ್ನು ಆದಿಮವೆಂದು ಹೊಗಳುವುದು ಸತ್ಯಕ್ಕೆ ದೂರ. ಒಂದು ಕಾಲಕ್ಕೆ ಆ ಇಳಿಜಾರುಗಳನ್ನು ತುಂಬಿದ್ದ ಚೆಸ್ಟ್‌ನಟ್ ಮರಗಳು, ಏಷ್ಯದಿಂದ ಮನುಷ್ಯನೇ ಸಸಿಗಳೊಡನೆ ತಂದ ಶಿಲೀಂಧ್ರರೋಗಕ್ಕೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಲಿಯಾದವು. ಹೊರಗಿನಿಂದ ಬಂದ ಕೀಟಗಳು ಅನಂತರ ಹೆಮ್‌ಲಾಕ್ ಮರಗಳನ್ನು ಒಣಗಿಸಿದವು. ದೂರದ ವಿದ್ಯುತ್ ಸ್ಥಾವರಗಳ ಹೊಗೆ ಆಮ್ಲದ ಮಳೆಯಾಗಿ ಆ ಮಣ್ಣಿಗೆ ಇಳಿಯಿತು. ಎಲ್ಲಕ್ಕಿಂತ ಮಿಗಿಲಾಗಿ ಹವೆಯೇ ಬಿಸಿಯಾಗುತ್ತಿದೆ. ಈ ಜೀವಿಯ ನೆಲೆಯ ಎಲ್ಲೆಯನ್ನು ನಿರ್ಧರಿಸುವುದರಲ್ಲಿ ದಾಯಾದಿಯ ಸ್ಪರ್ಧೆಯಷ್ಟೇ ಅಲ್ಲದೆ ಶಾಖ ತೇವಗಳ ಪಾತ್ರವೂ ಇದೆಯೆಂದು ಇತ್ತೀಚಿನ ಸಂಶೋಧಕರು ತಿಳಿಯುತ್ತಾರೆ. ತಂಪನ್ನು ಅರಸಿ ಮೇಲೇರೋಣವೆಂದರೆ, 1,234 ಮೀಟರ್ ಎತ್ತರದ ಹಾಕ್ಸ್‌ಬಿಲ್ಲೇ ಆ ಉದ್ಯಾನದ ಅತ್ಯುನ್ನತ ಸ್ಥಾನ. ಅದಕ್ಕಿಂತ ಮೇಲೆ ನೆಲವಿಲ್ಲ. ಇಬ್ಬರು ಜಗಳವಾಡುತ್ತಿರುವಾಗ ಒಬ್ಬನ ಕೈಕಟ್ಟಿ ಹಿಡಿದುಕೊಂಡು ನಿಂತವನು ತನಗೆ ಆ ಜಗಳದ ಗೊಡವೆಯಿಲ್ಲವೆಂದರೆ ಯಾರು ಒಪ್ಪುತ್ತಾರೆ? ನಮ್ಮ ತಾಟಸ್ಥ್ಯ ಅಂಥದು. ನಾವು ಕರ್ತೃಗಳಾಗಿಬಿಟ್ಟಿದ್ದೇವೆ, ಕೈಕಟ್ಟಿ ಕುಳಿತರೂ ಕರ್ತೃಗಳೇ.

ಹೀಗೆಂದಮಾತ್ರಕ್ಕೆ ಎಲ್ಲ ಬಗೆಯ ಕಾರ್ಯವೂ ಧರ್ಮ್ಯವೆಂದು ಹೇಳಲಾಗದು. ಕೆಂಬೆನ್ನಿನವನ್ನು ಹಿಡಿದು ಕೊಂದು ದಾರಿ ತೆರವುಮಾಡಬೇಕೆಂದು ಯಾರಾದರೂ ಹೇಳಿದರೆ, ಅದನ್ನು ನಾನು ಸರ್ವಥಾ ಒಪ್ಪಲಾರೆ. ತನ್ನ ಸ್ವಭಾವದಂತೆ ಬದುಕಿದ ಜೀವಿ ಅಪರಾಧಿಯಲ್ಲ, ಅದನ್ನು ಶಿಕ್ಷಿಸಿ ನಮ್ಮ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಇನ್ನೊಂದು ತಪ್ಪು. ಬೇರೆ ಪರ್ವತಕ್ಕೆ ಒಯ್ದು ಬಿಡೋಣವೆಂದರೆ ಆ ಪರ್ವತಗಳೂ ಬರಿದಾಗಿಲ್ಲ: ನೆರೆಯ ಪಶ್ಚಿಮ ವರ್ಜೀನಿಯಾದ ಎತ್ತರದ ಕಾಡುಗಳಲ್ಲಿ ಚೀಟ್ ಮೌಂಟನ್ ಸಲಮಾಂಡರ್ ಎಂಬ ಇದರದೇ ಜಾತಿಯ ಮತ್ತೊಂದು ಜೀವಿ, ಅದೇ 1989ರಲ್ಲಿ ಆತಂಕದ ಪಟ್ಟಿಗೆ ಸೇರಿ, ತನ್ನ ಪಾಡು ತಾನು ಪಡುತ್ತಿದೆ, ಅದರ ಮೇಲೆ ಹೊಸ ದಾಯಾದಿಯನ್ನು ಹೇರುವ ಹಕ್ಕು ನಮಗಿಲ್ಲ. ಕೃತಕವಾದ ತಂಪಿನ ಕೋಣೆಗಳಲ್ಲಿ ಕೆಲವನ್ನು ಸಾಕಿ ವಂಶವನ್ನು ಕಾಯುವ ಉಪಾಯವನ್ನು ಕಡೆಯ ಗಳಿಗೆಯಲ್ಲಿ ನಾನು ವಿರೋಧಿಸೆನಾದರೂ, ಕಲ್ಲು, ಮಂಜು, ದಾಯಾದಿ ಯಾವುದೂ ಇಲ್ಲದ ಆ ಬಾಳನ್ನು ರಕ್ಷಣೆಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಾವು ಖಂಡಿತವಾಗಿ ಮಾಡಬೇಕಾದುದು ನಮ್ಮ ಭಾರವನ್ನು ತಕ್ಕಡಿಯಿಂದ ತೆಗೆಯುವುದು: ಹೊಗೆಯನ್ನು ತಗ್ಗಿಸುವುದು, ಆ ಕಲ್ಲಿಳಿಜಾರುಗಳ ಮೇಲೆ ಹೊಸ ದಾರಿ ಕಡಿಯದಿರುವುದು, ಪರದೇಶದ ರೋಗಗಳನ್ನು ವ್ಯಾಪಾರದ ಬೆನ್ನಿಗೆ ಹತ್ತಿಸಿ ಕಳುಹಿಸದಿರುವುದು. ಕಡೆಯದರಲ್ಲಿ ಒಂದಿಷ್ಟು ಕೆಲಸ ನಡೆದಿದೆ. ಸಲಮಾಂಡರುಗಳ ಚರ್ಮವನ್ನು ತಿಂದುಹಾಕುವ ಶಿಲೀಂಧ್ರವೊಂದು ಯೂರೋಪಿನಲ್ಲಿ ಕಾಣಿಸಿಕೊಂಡ ಮೇಲೆ, 2016ರಲ್ಲಿ ಅಮೆರಿಕವು 201 ಬಗೆಯ ಸಲಮಾಂಡರುಗಳ ಆಮದನ್ನು ನಿಷೇಧಿಸಿತು. ಹೊಗೆಯ ವಿಷಯದಲ್ಲಿ ಮಾತ್ರ ಯಾವ ದೇಶವೂ ಇನ್ನೊಂದರ ಮೇಲೆ ಪೂರ್ತಿ ಹೊಣೆ ಹೊರಿಸಲಾಗದು. ಅವರು ಸುಟ್ಟದ್ದು ಬಹಳ ಹೆಚ್ಚು, ನಾವು ಸುಟ್ಟದ್ದು ಕಡಮೆ, ಎಂಬುದು ನಿಜ. ಆದರೂ ರಾಯಚೂರಿನ ಸ್ಥಾವರದ ಹೊಗೆಯೂ ಹಾಕ್ಸ್‌ಬಿಲ್ ಶಿಖರದ ಹವೆಯೂ ಒಂದೇ ವಾಯುಮಂಡಲಕ್ಕೆ ಸೇರಿದವಾದ್ದರಿಂದ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರಲ್ಲಿ ಈ ಪುಟವನ್ನು ಓದುತ್ತಿರುವ ತಾವೂ ಬರೆದ ನಾನೂ ಸೇರಿದ್ದೇವೆ.