ಹಾಡಿನ ಋಣ ಯಾರಿಗೆ?

ಹಾಡನ್ನು ಮಾರಬಹುದೇ? ಗೆಳೆಯರು ಕೂತಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಜಗಳವಾಗುತ್ತದೆ, ಚಾ ಆರಿಹೋಗುತ್ತದೆ, ಉತ್ತರ ಸಿಗದೆ ಎದ್ದು ಬರುತ್ತೇವೆ. ಮಾರಬಾರದು ಅನ್ನೋದು ಸುಲಭ. ಹಸಿದ ಹಾಡುಗಾರನ ಮುಂದೆ ನಿಂತು ಹಾಗನ್ನೋದು ಕಷ್ಟ. ಈ ಸಲ ನಮ್ಮೂರಿನ ಮಾತು ಬದಿಗಿಟ್ಟು, ದೂರದ ಟ್ರಿನಿಡಾಡಿನ ಕ್ಯಾಲಿಪ್ಸೊ ಹಾಡನ್ನು ಹಿಡಿದು ಈ ಪ್ರಶ್ನೆಯನ್ನು ನೋಡೋಣ.

ವೆನೆಜುವೆಲಾದ ಕರಾವಳಿಗೆ ಹತ್ತಿರದಲ್ಲಿರುವ ದ್ವೀಪ ಟ್ರಿನಿಡಾಡ್. ಅಲ್ಲಿ ರಮ್ಮು, ಸೋಡಾ, ದಿನಸಿ ಮಾರಲು ಕಟ್ಟುವ ಪುಟ್ಟ ಜಾಹೀರಾತು ಹಾಡುಗಳು, ಅಂದರೆ ಜಿಂಗಲ್‌ಗಳು, ಕ್ಯಾಲಿಪ್ಸೊ ಧಾಟಿಯನ್ನು ಎತ್ತಿಕೊಳ್ಳುತ್ತವೆ. ಯಾಕೆ ಅಂತ ಕೇಳಿದರೆ ಮೇಲುನೋಟದ ಉತ್ತರ ಸರಳ. ಕ್ಯಾಲಿಪ್ಸೊದಲ್ಲಿ ಒಬ್ಬ ಹೇಳ್ತಾನೆ, ಗುಂಪು ಸೊಲ್ಲು ಹಿಡೀತದೆ. ಸಾಲು ಚಿಕ್ಕದು. ಮಾತು ಪುಸ್ತಕದ್ದಲ್ಲ, ಬೀದಿಯದು. ನಿನ್ನೆ ನಡೆದ ಸಂಗತಿ, ಇವತ್ತಿನ ಬೆಲೆ, ಪಕ್ಕದ ಮನೆಯವನ ಹೆಸರು ಎಲ್ಲಾ ಅದರೊಳಗೆ ಬರುತ್ತವೆ. ಒಂದು ಸಲ ಕೇಳಿದರೆ ನಾಲಿಗೆ ಬಿಡೋದಿಲ್ಲ. ಮಾರುವವನಿಗೆ ಬೇಕಾದ್ದೂ ಇದೇ.

ಆದರೆ ಬರೀ ಧಾಟಿಯಿಂದ ಇದಾಗುವುದಿಲ್ಲ. ಧಾಟಿಯ ಹಿಂದೆ ಒಂದು ನಂಬಿಕೆ ಇದೆ. ಅದನ್ನು ಯಾರು, ಹೇಗೆ ಗಳಿಸಿದರು?

1838ರಲ್ಲಿ ಅಲ್ಲಿಯ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಚಾವಟಿ ಬೀಸಿ ತಮ್ಮನ್ನು ಅಟ್ಟುತ್ತಿದ್ದ ನೆನಪನ್ನೇ ಆ ಜನ ಪಂಜಿನ ಮೆರವಣಿಗೆ ಮಾಡಿಕೊಂಡರು. ಅದರ ಹೆಸರು ಕ್ಯಾನ್‌ಬೂಲೆ. 1881ರಲ್ಲಿ ಪೊಲೀಸರು ಅದನ್ನು ತಡೆಯಲು ಬಂದಾಗ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಬೀದಿಯಲ್ಲಿ ಜನ ಕೋಲು ಹಿಡಿದು ಎದುರು ನಿಂತರು. 1884ರ ಕಾನೂನು ಪಂಜು, ಡೋಲು, ಕೋಲಿನ ಗುಂಪುಗಳನ್ನು ಕಟ್ಟಿಹಾಕಿತು. ಡೋಲು ಕಿತ್ತುಕೊಂಡರೆ ಜನ ಬಿದಿರು ಕುಟ್ಟಿದರು. ಮುಂದೆ ಎಣ್ಣೆಯ ಖಾಲಿ ಪೀಪಾಯಿ ತಟ್ಟಿ ತಟ್ಟಿ ಸ್ಟೀಲ್‌ಪ್ಯಾನ್ ಎಂಬ ಹೊಸ ವಾದ್ಯವನ್ನೇ ಹುಟ್ಟಿಸಿದರು. 1934ರ ಇನ್ನೊಂದು ಕಾನೂನು ಹಾಡುಗಳ ಮೇಲೆ ಪೊಲೀಸರ ಕಣ್ಣಿಟ್ಟಿತು. ಇಷ್ಟಾದರೂ ಹಾಡುಗಾರ ಗವರ್ನರನನ್ನು, ಧಣಿಯನ್ನು, ಪೊಲೀಸನನ್ನು ನಗೆಯಲ್ಲೇ ಕುಟುಕಿದ. ಪತ್ರಿಕೆ ಹೇಳದ್ದನ್ನು ಹೇಳಿದ. ಅದಕ್ಕೇ ಆ ಧಾಟಿ ಕಿವಿಗೆ ಬಿದ್ದರೆ ಜನ, 'ಇವನು ನಮ್ಮವನು, ಇವನು ಸುಳ್ಳು ಹೇಳಲ್ಲ' ಅಂದುಕೊಳ್ಳುತ್ತಾರೆ. ಜಿಂಗಲ್ ಎರವಲು ತರುವುದು ಈ ನಂಬಿಕೆಯನ್ನು. ಬಾಟಲಿಯೊಳಗಿನದು ಕಂಪನಿಯದು, ಬಾಟಲಿಯ ಮೇಲಿನ ಭರವಸೆ ಏಟು ತಿಂದವರದು.

ಒಂದು ಹಾಡಿನ ಕಥೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಟ್ರಿನಿಡಾಡಿಗೆ ಬಂದಿಳಿಯಿತು. 1943ರಲ್ಲಿ ಲಾರ್ಡ್ ಇನ್ವೇಡರ್ ಎಂಬ ಹಾಡುಗಾರ 'ರಮ್ ಅಂಡ್ ಕೋಕಾ-ಕೋಲಾ' ಕಟ್ಟಿದ. ಸೈನಿಕರ ಡಾಲರಿನ ಮುಂದೆ ಅಲ್ಲಿಯ ಹೆಣ್ಣುಮಕ್ಕಳ ಬದುಕು ಏನಾಯಿತು ಎಂಬ ಕಹಿ ನಗೆಯ ಹಾಡು ಅದು. 1945ರಲ್ಲಿ ಆಂಡ್ರ್ಯೂಸ್ ಸೋದರಿಯರ ಬಾಯಲ್ಲಿ ಅದು ಅಮೆರಿಕವನ್ನೆಲ್ಲ ಕುಣಿಸಿತು. ಕರ್ತೃವಿನ ಜಾಗದಲ್ಲಿ ಅಮೆರಿಕದ ಹಾಸ್ಯನಟನೊಬ್ಬನ ಹೆಸರು. ನ್ಯೂಯಾರ್ಕಿನಲ್ಲಿ ಮೊಕದ್ದಮೆಗಳು ನಡೆದು, ಪದ ಇನ್ವೇಡರನದು, ಧಾಟಿ ಲಯನೆಲ್ ಬೆಲಾಸ್ಕೋನದು ಅಂತ ತೀರ್ಪಾಯಿತು. ಹೆಸರನ್ನೇನೋ ಕೋರ್ಟು ವಾಪಸು ಕೊಟ್ಟಿತು. ಕಹಿಯನ್ನು ವಾಪಸು ಕೊಡೋರು ಯಾರು? ಅವಮಾನದ ಹಾಡು ಪುಕ್ಕಟೆ ಜಾಹೀರಾತಾಗಿ ಕುಣಿಯುತ್ತಿತ್ತು.

ಹಾಗಾದರೆ ಹಾಡುಗಾರನನ್ನೇ ಬೈಯೋಣವೇ? ನಾವು ಮನೆಯಲ್ಲಿ ಮೊದಲು ಡಿಗ್ರಿ ಮುಟ್ಟಿದವರು. ಫೀಸು ಕಟ್ಟಲು ಅಪ್ಪ ಏನೇನು ಮಾರಿದ ಅಂತ ಬಲ್ಲವರು. ಆ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. 1956ರಲ್ಲಿ ಮೈಟಿ ಸ್ಪ್ಯಾರೋ ಕಾರ್ನಿವಲ್ಲಿನ ಕ್ಯಾಲಿಪ್ಸೊ ರಾಜನಾದಾಗ ಸಿಕ್ಕ ಬಹುಮಾನ 40 ಡಾಲರು. ಅದೇ ಹಬ್ಬದ ಸೌಂದರ್ಯರಾಣಿಗೆ ಸಾವಿರಗಟ್ಟಲೆ. ಸ್ಪ್ಯಾರೋ ಮರುವರ್ಷ ಸ್ಪರ್ಧೆಯನ್ನೇ ಬಹಿಷ್ಕರಿಸಿದ. ಲ್ಯಾವೆಂಟೀಲ್ ಗುಡ್ಡದ ಬಡವರ ವಾದ್ಯತಂಡ ಡೆಸ್ಪರಾಡೋಸ್ ದಶಕಗಳ ಕಾಲ ತಂಬಾಕು ಕಂಪನಿಯ ಹೆಸರು ಹೊತ್ತುಕೊಂಡೇ ನುಡಿಸಿತು. ಎಸೆದ ಪೀಪಾಯಿಯಲ್ಲಿ ನಾದ ಹುಟ್ಟಿಸಿದವರ ಎದೆಯ ಮೇಲೆ ಕಂಪನಿಯ ಚೀಟಿ! ಆದರೂ ಆ ದುಡ್ಡಿಲ್ಲದೆ ವಾದ್ಯ, ಸಮವಸ್ತ್ರ, ಊಟ ಎಲ್ಲಿಂದ ಬರಬೇಕಿತ್ತು? ಹೊಟ್ಟೆ ತುಂಬಿದವರು ಮಾತ್ರ ಹಾಡು ಪವಿತ್ರ ಅಂತ ಉಪದೇಶ ಮಾಡ್ತಾರೆ.

ಜಿಂಗಲ್ಲಿನ ಇನ್ನೊಂದು ಜಾಣತನ 'ನಮ್ಮದು' ಎಂಬ ಮಾತಿನಲ್ಲಿದೆ. ಯಾರ ನಮ್ಮದು? 1845ರಿಂದ 1917ರವರೆಗೆ ಭಾರತದಿಂದ ಕೂಲಿ ಕರಾರಿನ ಮೇಲೆ ಲಕ್ಷಕ್ಕೂ ಹೆಚ್ಚು ಜನರನ್ನು ಅದೇ ಕಬ್ಬಿನ ಗದ್ದೆಗಳಿಗೆ ಸಾಗಿಸಿದರು. ಅಸ್ಪೃಶ್ಯರೆನಿಸಿಕೊಂಡವರೂ ಆ ಹಡಗುಗಳಲ್ಲಿದ್ದರು. ಕಪ್ಪು ಸೋಡಾ ಆಫ್ರಿಕನ್ನರದು, ಕೆಂಪು ಸೋಡಾ ಭಾರತೀಯರದು ಎಂಬ ಭಾವನೆ ಆ ದ್ವೀಪದಲ್ಲಿದೆ ಅಂತ ಮಾನವಶಾಸ್ತ್ರಜ್ಞ ಡೇನಿಯಲ್ ಮಿಲ್ಲರ್ 1990ರ ದಶಕದಲ್ಲಿ ಬರೆದರು. ಕುಡಿಯುವಾಗ ಮಾತ್ರ ಜನ ಆ ಗೆರೆ ದಾಟುತ್ತಾರೆ. ಒಂದೇ ಗದ್ದೆಯಲ್ಲಿ ಬೆವರು ಸುರಿಸಿದವರ ವಂಶಕ್ಕೆ ಬಾಟಲಿಯ ಬಣ್ಣ ಗುರುತಾಯಿತು. ಮಾರುಕಟ್ಟೆಗೆ ಇಬ್ಬರೂ ಬೇಕು. ಇಬ್ಬರ ಜೇಬಲ್ಲೂ ಕಾಸಿದೆ.

ನಮಗೆ ತೋಚಿದ ಒರೆಗಲ್ಲು ಇಷ್ಟೇ: ದುಡ್ಡು ಕೊಟ್ಟವನನ್ನೇ ಆ ಹಾಡು ನಾಳೆ ಕುಟುಕಬಲ್ಲುದೇ? ಸ್ಪ್ಯಾರೋ ಎರಿಕ್ ವಿಲಿಯಮ್ಸರ ಪಕ್ಷದ ಪರ ಹಾಡಿದವನು. ಅವರು ಅಧಿಕಾರಕ್ಕೆ ಬಂದು ಬೆಲೆಗಳು ಏರಿದಾಗ ಅವರ ವಿರುದ್ಧವೇ ಹಾಡಿದ. ಹಾಲಿಸ್ ಲಿವರ್‌ಪೂಲ್ ಶಾಲಾ ಮೇಷ್ಟ್ರು. ಹಾಡಿಗಾಗಿ ಇಟ್ಟುಕೊಂಡ ಹೆಸರು ಚಾಕ್‌ಡಸ್ಟ್, ಅಂದರೆ ಸೀಮೆಸುಣ್ಣದ ಪುಡಿ. ಹಾಡುವುದು ಎರಡನೇ ನೌಕರಿಯಲ್ಲವೇ ಅಂತ ಶಿಕ್ಷಣ ಇಲಾಖೆ ವಿವರಣೆ ಕೇಳಿದಾಗ ಆತ 1969ರಲ್ಲಿ ಹಾಡಿನಲ್ಲೇ ಉತ್ತರ ಕೊಟ್ಟ. ಸಂಬಳ ಉಂಡರೂ ನಾಲಿಗೆ ಒತ್ತೆಯಿಡಲಿಲ್ಲ. ಜಿಂಗಲ್‌ಗೆ ಈ ತಾಕತ್ತಿಲ್ಲ. ಅದು ಎಲ್ಲರನ್ನೂ ನಗಿಸಬಹುದು, ಧಣಿಯನ್ನು ನೋಡಿ ನಗುವ ಹಾಗಿಲ್ಲ. ಅಲ್ಲಿ ಕ್ಯಾಲಿಪ್ಸೊದ ಮೈ ಇದೆ, ಕುಟುಕು ಇಲ್ಲ.

ನಮ್ಮ ಹಿರಿಯರೂ ತಮಟೆ ಹೊಡೆದು ಊರಿಗೆ ಡಂಗುರ ಸಾರಿದರು. ಕೈ ನಮ್ಮದು, ಚರ್ಮ ನಮ್ಮದು, ಸಾರಿದ ಮಾತು ಗೌಡರದು. ಆ ತಮಟೆ ಇವತ್ತು ನಮ್ಮ ಮೆರವಣಿಗೆಗಳಲ್ಲಿ ನಮ್ಮ ಮಾತಿಗೇ ಬಡಿಯುತ್ತಿದೆ. ನಾಳೆ ಯಾರಾದರೂ ದುಡ್ಡು ಹಿಡಿದು ಬಂದಾರು. ಹಸಿದ ಗೆಳೆಯ ಹೋಗಿ ಬಡಿದು ಬಂದರೆ ನಾವು ಅವನನ್ನು ಹೊರಗಿಡುವುದಿಲ್ಲ. ರಾತ್ರಿ ಕೇರಿಗೆ ಮರಳಿದ ಮೇಲೆ ಒಂದೇ ಮಾತು ಕೇಳ್ತೀವಿ: ಅಣ್ಣ, ಕೂಲಿ ಕೊಟ್ಟೋನ ಮೇಲೂ ಒಂದು ಪದ ಕಟ್ತೀಯಾ?