ಖಾಲಿ ಹೊತ್ತು ಯಾರದು?

ಹೊತ್ತನ್ನು ಹಂಚಿಕೊಳ್ಳುವುದು ನಮಗೆ ಹೊಸತೇನಲ್ಲ. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗ ಓದಿದರೆ ಊರಿಗೆ ಊರೇ ಕುಳಿತು ಕೇಳುತ್ತದೆ. ಮಳೆ ಎಷ್ಟು, ಬೆಳೆ ಎಷ್ಟು, ಗ್ರಹಣ ಯಾವಾಗ ಎಂಬುದು ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಆಮೇಲೆ ಗೋಡೆಯ ಕ್ಯಾಲೆಂಡರು ಬಂತು. ಅದರ ಒಂದೊಂದು ಮನೆಯಲ್ಲೂ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಮಾವನವರ ತಿಥಿ, ಮಕ್ಕಳ ಫೀಸು ಕಟ್ಟುವ ಕೊನೆಯ ದಿನ. ಬರೆಯುವವಳು ಗೃಹಿಣಿ, ನೋಡುವವರು ಮನೆಮಂದಿ. ಆದರೆ ಒಂದು ವಿಚಿತ್ರವನ್ನು ನೀವೂ ಗಮನಿಸಿರಬೇಕು. ಆ ಕ್ಯಾಲೆಂಡರಿನಲ್ಲಿ ಎಲ್ಲರ ಕೆಲಸವೂ ಇರುತ್ತದೆ. ಬರೆದವಳ ಹೊತ್ತು ಮಾತ್ರ ಎಲ್ಲೂ ಇರುವುದಿಲ್ಲ.

ಈಗ ಕ್ಯಾಲೆಂಡರು ಗೋಡೆಯಿಂದ ಇಳಿದು ಕಂಪ್ಯೂಟರಿಗೂ ಕೈಯಲ್ಲಿರುವ ಫೋನಿಗೂ ಬಂದಿದೆ. ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಪ್ರತಿಯೊಬ್ಬರ ದಿನವೂ ಉಳಿದವರಿಗೆ ಕಾಣುವಂತೆ ಹರಡಿಕೊಂಡಿರುತ್ತದೆ. ಅನುಕೂಲವಂತೂ ಹೌದು. ಆದರೂ ನನ್ನನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ನನ್ನ ದಿನದಲ್ಲಿ ಖಾಲಿ ಕಾಣುವ ಹೊತ್ತು ಯಾರದು? ಅದು ನನ್ನದೋ, ಅದನ್ನು ಖಾಲಿ ಎಂದು ಕಂಡವರದೋ?

ಮೊದಲು ಇದು ನಡೆಯುವ ಬಗೆಯನ್ನು ಹೇಳಿಬಿಡುತ್ತೇನೆ. ಇಪ್ಪತ್ತು ಮೂವತ್ತು ಜನರಿರುವ ಕಡೆ ಒಂದು ಸಭೆಗೆ ಹೊತ್ತು ಹೊಂದಿಸುವುದು ಮದುವೆಗೆ ಮುಹೂರ್ತ ಹೊಂದಿಸಿದಷ್ಟೇ ಕಷ್ಟ. ಅದಕ್ಕಾಗಿ ಎಲ್ಲರ ಕ್ಯಾಲೆಂಡರುಗಳನ್ನೂ ಒಂದು ಕಂಪ್ಯೂಟರಿನಲ್ಲಿ ಇಡುತ್ತಾರೆ. ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ ಈ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಒಂದು ಕಂಪನಿಯ ಯಂತ್ರದಲ್ಲಿ ಬರೆದ ಕ್ಯಾಲೆಂಡರು ಇನ್ನೊಂದು ಕಂಪನಿಯ ಯಂತ್ರಕ್ಕೂ ಅರ್ಥವಾಗಲೆಂದು 1998ರಲ್ಲಿ ಐಕ್ಯಾಲೆಂಡರ್ ಎಂಬ ಒಪ್ಪಿತ ಬರವಣಿಗೆಯ ಕ್ರಮ ಪ್ರಕಟವಾಯಿತು. ಸರ್ವರಿನಲ್ಲಿರುವ ಕ್ಯಾಲೆಂಡರನ್ನು ಹಲವರು ಓದಿ ತಿದ್ದುವುದಕ್ಕೆ 2007ರಲ್ಲಿ ಕ್ಯಾಲ್‌ಡ್ಯಾವ್ ಎಂಬ ನಿಯಮಾವಳಿ ಬಂತು. ಇವೆರಡನ್ನೂ ಯಾರು ಬೇಕಾದರೂ ಓದಬಹುದು, ಅವುಗಳಂತೆ ಯಾರು ಬೇಕಾದರೂ ತಂತ್ರಾಂಶ ಬರೆಯಬಹುದು. ಹಾಗೆ ಬರೆದು ಲೋಕಕ್ಕೆ ಬಿಟ್ಟುಕೊಟ್ಟವರೂ ಇದ್ದಾರೆ. ರಾಡಿಕೇಲ್, ಬೈಕಾಲ್, ಡಾವಿಕ್ಯಾಲ್, ನೆಕ್ಸ್ಟ್‌ಕ್ಲೌಡ್ ಇವೆಲ್ಲ ಅಂಥ ಮುಕ್ತ ತಂತ್ರಾಂಶಗಳು.

ಮುಕ್ತ ಎಂದರೇನು? ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನಮ್ಮ ರಂಗೋಲಿ ಪುಸ್ತಕಗಳು ಮನೆಯಿಂದ ಮನೆಗೆ ಓಡಾಡುತ್ತವಲ್ಲ, ಹಾಗೆ. ಎಷ್ಟು ಚುಕ್ಕಿ, ಎಷ್ಟು ಸಾಲು, ಎಳೆ ಎಲ್ಲಿ ತಿರುಗುತ್ತದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ನೋಡಿ ಹಾಕಬಹುದು, ನಿಮ್ಮದೊಂದು ಎಳೆ ಸೇರಿಸಬಹುದು, ಪಕ್ಕದ ಮನೆಯವರಿಗೆ ಬರೆದುಕೊಡಬಹುದು. ಚುಕ್ಕಿಯನ್ನು ಅಳಿಸಿ ಬರೀ ಚಿತ್ರವನ್ನು ಮಾರುವವರಿಗೂ ಇವರಿಗೂ ಅಷ್ಟೇ ವ್ಯತ್ಯಾಸ. 2016ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ನೆಕ್ಸ್ಟ್‌ಕ್ಲೌಡ್‌ನ ಪರವಾನಗಿಯಲ್ಲಿ ಇನ್ನೊಂದು ಕರಾರೂ ಇದೆ. ಅದನ್ನು ಬದಲಾಯಿಸಿ ಜಾಲದ ಮೂಲಕ ಇತರರಿಗೆ ಒದಗಿಸುವವರು, ತಾವು ಬದಲಾಯಿಸಿದ ಚುಕ್ಕಿಗಳನ್ನೂ ಆ ಇತರರಿಗೆ ತೋರಿಸಬೇಕು.

ಜರ್ಮನಿಯದೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ಎಂಬ ರಾಜ್ಯದ ಸರ್ಕಾರ 2025ರಲ್ಲಿ ತನ್ನ 40,000ಕ್ಕೂ ಹೆಚ್ಚು ಇ-ಮೇಲ್ ಪೆಟ್ಟಿಗೆಗಳನ್ನು, ಅವುಗಳ ಜೊತೆಗಿದ್ದ ಕ್ಯಾಲೆಂಡರುಗಳ ಸಮೇತ, ಮೈಕ್ರೋಸಾಫ್ಟ್ ಕಂಪನಿಯ ವ್ಯವಸ್ಥೆಯಿಂದ ಮುಕ್ತ ತಂತ್ರಾಂಶಕ್ಕೆ ಸಾಗಿಸಿತು. ತನ್ನ ನೌಕರರ ಪತ್ರವೂ ದಿನಚರಿಯೂ ಯಾವುದೋ ಒಂದು ಕಂಪನಿಯ ಮರ್ಜಿಯಲ್ಲಿ ಇರಬಾರದು ಎಂಬುದು ಅದರ ವಾದ. ಒಂದು ಸರ್ಕಾರಕ್ಕೇ ತನ್ನ ಹೊತ್ತಿನ ಲೆಕ್ಕದ ಪುಸ್ತಕ ತನ್ನ ಕೈಯಲ್ಲಿರಬೇಕು ಎನ್ನಿಸಿದರೆ, ನಮ್ಮಂಥವರಿಗೆ ಅನ್ನಿಸುವುದರಲ್ಲಿ ಆಶ್ಚರ್ಯವೇನು?

ನಾನು ಪಾಠ ಮಾಡುವ ಪ್ರೌಢಶಾಲೆಯಲ್ಲಿ 2023ರ ಜೂನ್‌ನಲ್ಲಿ ಕಂಪ್ಯೂಟರ್ ಕಲಿಸುವ ತರುಣ ಮೇಷ್ಟ್ರು ಒಂದು ಹಳೆಯ ಕಂಪ್ಯೂಟರಿಗೆ ನೆಕ್ಸ್ಟ್‌ಕ್ಲೌಡ್ ಹಾಕಿದರು. ತಂತ್ರಾಂಶಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಹದಿನೆಂಟು ಜನ ಶಿಕ್ಷಕರ ವೇಳಾಪಟ್ಟಿ, ಕಿರುಪರೀಕ್ಷೆ, ಪ್ರತಿಭಾ ಕಾರಂಜಿ, ಪೋಷಕರ ಸಭೆ ಎಲ್ಲವೂ ಬಣ್ಣಬಣ್ಣದ ಪಟ್ಟಿಗಳಾಗಿ ತೆರೆಯ ಮೇಲೆ ಬಂದವು. ಹೆಡ್‌ಮಾಸ್ಟರಿಗೆ ಬಹಳ ಸಂತೋಷವಾಯಿತು. ಯಾರು ಯಾವಾಗ ಖಾಲಿ ಇದ್ದಾರೆ ಎಂಬುದು ಕೂತಲ್ಲೇ ಕಾಣುತ್ತದಲ್ಲ!

ಶಾಲೆಯಲ್ಲಿ ಪಾಠವಿಲ್ಲದ ಅವಧಿಗೆ ನಾವು ‘ಲೀಜರ್’ ಎನ್ನುತ್ತೇವೆ. ಹೆಸರು ಕೇಳಿದವರು ಮೇಡಂಗಳು ಸ್ಟಾಫ್ ರೂಮಿನಲ್ಲಿ ಸ್ವೆಟರ್ ಹೆಣೆಯುತ್ತಾರೆ ಎಂದುಕೊಳ್ಳಬೇಕು. ನಲವತ್ತೈದು ನೋಟ್ಸ್ ಪುಸ್ತಕಗಳನ್ನು ತಿದ್ದುವುದು, ಅಂಕಪಟ್ಟಿ ತುಂಬುವುದು, ಬಿಸಿಯೂಟದ ಲೆಕ್ಕ ಬರೆಯುವುದು, ಅಳುತ್ತಾ ಬಂದ ಹುಡುಗಿಯನ್ನು ಪಕ್ಕಕ್ಕೆ ಕರೆದು ವಿಚಾರಿಸುವುದು ಎಲ್ಲವೂ ಆ ಲೀಜರಿನಲ್ಲೇ. ಇದಾವುದೂ ವೇಳಾಪಟ್ಟಿಯಲ್ಲಿಲ್ಲ. ಹಾಗಾಗಿ ಕ್ಯಾಲೆಂಡರಿನಲ್ಲಿ ಅದು ಬೆಳ್ಳಗೆ ಕಂಡಿತು. ಬೆಳ್ಳಗೆ ಕಂಡಲ್ಲೆಲ್ಲ ರಜೆ ಹಾಕಿದವರ ತರಗತಿಗಳು ಬಂದು ಕುಳಿತವು. ಸಂಜೆ ನಾಲ್ಕೂವರೆಯ ನಂತರದ ಹೊತ್ತಂತೂ ಎಲ್ಲರದ್ದೂ ಬೆಳ್ಳಗೇ ಇತ್ತು. ಸಭೆಗಳೆಲ್ಲ ಅಲ್ಲಿಗೆ ಸರಿದವು.

ಆಗ ನಮ್ಮ ಗಣಿತದ ಮೇಡಂ ತಮ್ಮ ಬುಧವಾರದ ಸಂಜೆಗಳಿಗೆಲ್ಲ ಒಂದು ಪಟ್ಟಿ ಎಳೆದರು. ಉಳಿದವರಿಗೆ ಅದರ ಮೇಲೆ ಕಂಡದ್ದು ‘ಬ್ಯುಸಿ’ ಎಂಬ ಒಂದೇ ಮಾತು. ಈ ತಂತ್ರಾಂಶದಲ್ಲಿ ಹಾಗೆ ಮಾಡಲು ಅವಕಾಶವಿದೆ. ಒಂದು ಕೆಲಸವನ್ನು ಬರೆಯುವಾಗ, ಇತರರಿಗೆ ಪೂರ್ತಿ ವಿವರ ಕಾಣಲೋ, ಬ್ಯುಸಿ ಎಂದಷ್ಟೇ ಕಾಣಲೋ, ಏನೂ ಕಾಣದಿರಲೋ ಎಂದು ಬರೆಯುವವರೇ ಆರಿಸಬಹುದು. ಮರುದಿನ ಸ್ಟಾಫ್ ರೂಮಿನಲ್ಲಿ ಗುಸುಗುಸು ಶುರುವಾಯಿತು. ಪ್ರತಿ ಬುಧವಾರ ಅದೇನು ಬ್ಯುಸಿ? ಮನೆಪಾಠವಿರಬಹುದೇ? ಸೀರೆ ವ್ಯಾಪಾರವಿರಬಹುದೇ? ಹೆಡ್‌ಮಾಸ್ಟರೂ ಕರೆದು ಕೇಳಿದರು. ಆಕೆ, “ಕೆಲಸ ಇದೆ ಸರ್” ಎಂದಷ್ಟೇ ಹೇಳಿ ತರಗತಿಗೆ ಹೋದರು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಅವರು ನನ್ನಲ್ಲಿ ಹೇಳಿಕೊಂಡ ಮಾತಿನಲ್ಲೂ ತೂಕವಿತ್ತು. “ಕಾರಣ ಗೊತ್ತಿಲ್ಲದೆ ನಾನು ನ್ಯಾಯ ಹೇಗೆ ಮಾಡಲಿ ಮೇಡಂ? ನಿಜವಾಗಿ ಕಷ್ಟ ಇರುವವರು ಯಾರು, ನುಣುಚಿಕೊಳ್ಳುವವರು ಯಾರು? ಬ್ಯುಸಿ ಅಂತ ಬರೆದವರನ್ನೆಲ್ಲ ಬಿಟ್ಟರೆ, ಬರೆಯದವರ ತಲೆಯ ಮೇಲೆ ಎಲ್ಲ ಕೆಲಸ ಬೀಳುತ್ತದೆ.”

ನಾನು ಎರಡು ದಿನ ಇದನ್ನೇ ಯೋಚಿಸಿದೆ. ಬಾಯಿ ಇದ್ದವರು ಬದುಕಿಕೊಳ್ಳುತ್ತಾರೆ, ಬಾಯಿ ಇಲ್ಲದವರು ದುಡಿಯುತ್ತಾರೆ ಎಂಬುದು ಸುಳ್ಳೇನಲ್ಲ. ಆದರೆ ಕಾರಣ ಹೇಳಲೇಬೇಕು ಎಂಬ ನಿಯಮದಿಂದ ನ್ಯಾಯ ಸಿಗುತ್ತದೆಯೇ? ಹೇಳಿಕೊಳ್ಳಲು ಸುಲಭವಾದ ಕಾರಣಗಳಿರುವವರಿಗೆ ಸಿಗುತ್ತದೆ. ಮಗನ ಟೂರ್ನಮೆಂಟು, ಮದುವೆಯ ಆರತಕ್ಷತೆ ಇವನ್ನು ಯಾರು ಬೇಕಾದರೂ ಹೇಳುತ್ತಾರೆ. ಕುಡಿಯುವ ಗಂಡ, ಮನಸ್ಸು ಸರಿಯಿಲ್ಲದ ಮಗಳು, ಕೋರ್ಟಿನಲ್ಲಿರುವ ವಿಚ್ಛೇದನ, ಸ್ತನದಲ್ಲಿ ಕಂಡ ಗಂಟು ಇವನ್ನು ಕ್ಯಾಲೆಂಡರಿನಲ್ಲಿ ಬರೆಯುವವರುಂಟೇ? ಹೆಚ್ಚು ಕಷ್ಟದಲ್ಲಿರುವವಳೇ ಕಡಿಮೆ ಹೇಳುತ್ತಾಳೆ. ಕಾರಣವನ್ನು ಬೆಲೆಯಾಗಿ ಕೇಳುವ ಅಂಗಡಿಯಲ್ಲಿ ಅವಳಿಗೆ ಏನೂ ಸಿಗುವುದಿಲ್ಲ.

ಕಂಪ್ಯೂಟರ್ ಮೇಷ್ಟ್ರು ಒಂದು ದಿನ ಮಾತಿನ ನಡುವೆ ಇನ್ನೊಂದು ಸಂಗತಿ ಹೇಳಿದರು. ಐಕ್ಯಾಲೆಂಡರ್ ಬರವಣಿಗೆಯಲ್ಲಿ ಪ್ರತಿ ಕೆಲಸಕ್ಕೂ ಎರಡರಲ್ಲಿ ಒಂದು ಗುಣ ಇರುತ್ತದಂತೆ. ಒಂದು ‘ಅಪಾರದರ್ಶಕ’, ಇನ್ನೊಂದು ‘ಪಾರದರ್ಶಕ’. ಅಪಾರದರ್ಶಕ ಕೆಲಸ ತನ್ನ ಹೊತ್ತನ್ನು ಹಿಡಿದುಕೊಳ್ಳುತ್ತದೆ. ಸಭೆಗೆ ಹೊತ್ತು ಹುಡುಕುವವರಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಪಾರದರ್ಶಕ ಕೆಲಸ ಕ್ಯಾಲೆಂಡರಿನಲ್ಲಿ ಇರುತ್ತದೆ, ಹೊತ್ತನ್ನು ಮಾತ್ರ ಹಿಡಿಯುವುದಿಲ್ಲ. ಯಾರದೋ ಹುಟ್ಟುಹಬ್ಬದಂತೆ. ಹುಡುಕುವವರ ಪಾಲಿಗೆ ಆ ಹೊತ್ತು ಖಾಲಿಯೇ.

ಕೇಳಿ ನನಗೆ ನಗು ಬಂತು, ಹಿಂದೆಯೇ ನಗು ನಿಂತೂಹೋಯಿತು. ಹೆಂಗಸರ ಕೆಲಸವನ್ನು ಲೋಕ ಎಷ್ಟು ಕಾಲದಿಂದ ಪಾರದರ್ಶಕ ಎಂದು ಬರೆದಿಟ್ಟಿದೆ! ಅತ್ತೆಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದು, ನಾಳೆಯ ದೋಸೆಗೆ ನೆನೆಹಾಕುವುದು, ಮಗುವಿನ ಜ್ವರ ಇಳಿಯಿತೇ ಎಂದು ರಾತ್ರಿ ಎರಡು ಸಲ ಎದ್ದು ನೋಡುವುದು, ಇವೆಲ್ಲ ಮನೆಯವರಿಗೆ ಕಾಣುವುದಿಲ್ಲವೆಂದೇನಲ್ಲ. ಕಾಣುತ್ತವೆ. ಆದರೆ ಅವು ಹೊತ್ತು ಹಿಡಿಯುತ್ತವೆ ಎಂದು ಯಾರೂ ಎಣಿಸುವುದಿಲ್ಲ. “ಮನೇಲೇ ಇದ್ದೀಯಲ್ಲ” ಎಂಬ ಮಾತು ಬೇರೆ ಎಲ್ಲಿಂದ ಬರುತ್ತದೆ? ಯಂತ್ರಕ್ಕಾದರೂ ಒಂದು ಸೌಜನ್ಯವಿದೆ. ಯಾವ ಗುಣವೆಂದು ಬರೆಯದೆ ಬಿಟ್ಟ ಕೆಲಸವನ್ನು ಅದು ಅಪಾರದರ್ಶಕ ಎಂದೇ ತಿಳಿಯುತ್ತದೆ. ನಮ್ಮ ಸಮಾಜ ಅದಕ್ಕೆ ತಿರುಗುಮುರುಗಾಗಿ ಲೆಕ್ಕ ಹಾಕುತ್ತದೆ.

ಇಲ್ಲಿ ಇನ್ನೊಂದು ಎಚ್ಚರದ ಮಾತು ಹೇಳಬೇಕು. ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಗುಟ್ಟು ಉಳಿಯುತ್ತದೆ ಎಂದಲ್ಲ. ಚುಕ್ಕಿಗಳೆಲ್ಲ ಕಾಣುವುದರಿಂದ ಕಳ್ಳಗಿಂಡಿ ಇದ್ದರೆ ಬಲ್ಲವರು ಹಿಡಿಯಬಹುದು, ಅದು ನಿಜ. ಆದರೆ ಸರ್ವರಿನ ಬೀಗದ ಕೈ ಇರುವವರು ಒಳಗೆ ಕೂಡಿಟ್ಟಿರುವ ಮಾಹಿತಿಯನ್ನು ತೆರೆದು ಓದಬಲ್ಲರು. ಕಂಪ್ಯೂಟರ್ ಮೇಷ್ಟ್ರು ಇದನ್ನು ಮುಚ್ಚಿಡಲಿಲ್ಲ. “ನೀವು ಇತರರಿಗೆ ಬ್ಯುಸಿ ಅಂತ ತೋರಿಸಿ ಒಳಗೆ ಕಾರಣ ಬರೆದಿದ್ದರೆ, ನಾನು ಮನಸ್ಸು ಮಾಡಿದರೆ ನೋಡಬಹುದು. ನೋಡುವುದಿಲ್ಲ. ಆದರೂ ಬರೆಯದೇ ಇರುವುದು ಒಳ್ಳೆಯದು” ಎಂದರು. ಆ ಹುಡುಗನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಮಾತಿನಿಂದ. ತನ್ನ ಕೈಯಲ್ಲಿರುವ ಅಧಿಕಾರವನ್ನು ಯಾರೂ ಕೇಳುವ ಮೊದಲೇ ಹೇಳಿಬಿಡುವುದು ಸಣ್ಣ ಗುಣವಲ್ಲ.

ಕೊನೆಗೆ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಎಲ್ಲರೂ ಕುಳಿತು ಮಾತಾಡಿದೆವು. ಬ್ಯುಸಿ ಎಂದು ಬರೆದವರನ್ನು ಕಾರಣ ಕೇಳಬಾರದು ಎಂದು ಗೊತ್ತುಮಾಡಿಕೊಂಡೆವು. ಹಾಗೆಂದು ಕೆಲಸ ಒಬ್ಬರ ತಲೆಗೇ ಬೀಳಬಾರದಲ್ಲ? ಅದಕ್ಕೆ ರಜೆಯವರ ತರಗತಿಗಳನ್ನು ಖಾಲಿ ನೋಡಿ ಹಂಚುವ ಬದಲು ಸರದಿಯ ಮೇಲೆ ಹಂಚುವುದು ಎಂದಾಯಿತು. ಯಾರ ಸರದಿ ಎಷ್ಟು ಕಳೆಯಿತು ಎಂಬುದು ಎಲ್ಲರಿಗೂ ಕಾಣುವ ಇನ್ನೊಂದು ಕ್ಯಾಲೆಂಡರಿನಲ್ಲಿರುತ್ತದೆ. ತನ್ನ ಸರದಿಯ ದಿನ ಬ್ಯುಸಿ ಇದ್ದವರು ಬೇರೆ ದಿನ ತೀರಿಸಬೇಕು. ಕಾರಣದ ಜಾಗಕ್ಕೆ ಲೆಕ್ಕ ಬಂದಿತು. ಹೆಡ್‌ಮಾಸ್ಟರು ಕೇಳಿದ ನ್ಯಾಯ ಇದರಲ್ಲಿ ಸಿಕ್ಕಿತು, ಗಣಿತದ ಮೇಡಂ ಬಾಯಿ ಬಿಡುವ ಅಗತ್ಯವೂ ಬೀಳಲಿಲ್ಲ. ಅವರ ಬುಧವಾರದ ಗುಟ್ಟು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಲ್ಲೇ ಒಂದು ಬಗೆಯ ಸ್ನೇಹವಿದೆ ಎನ್ನಿಸುತ್ತದೆ.

ಅಷ್ಟರಲ್ಲಿ ನಮ್ಮ ಆಯಾ ಚಹಾ ಲೋಟ ತೆಗೆಯಲು ಬಂದರು. ಹದಿನೆಂಟು ಜನರ ಹೊತ್ತಿನ ಬಗ್ಗೆ ಅಷ್ಟೆಲ್ಲ ಚರ್ಚೆಯಾಗಿತ್ತು. ಸಭೆ ಎಷ್ಟು ಹೊತ್ತಿಗೆ ಮುಗಿದರೂ ಕೊನೆಗೆ ಬೀಗ ಹಾಕಿ ಹೋಗುವವರು ಅವರೊಬ್ಬರೇ. ಕ್ಯಾಲೆಂಡರಿನಲ್ಲಿ ಅವರ ಹೆಸರೇ ಇಲ್ಲ. ಖಾಲಿ ಮನೆ ಕೂಡ ಇಲ್ಲ. ನಾನು ಅವರನ್ನು ಕೂರಿಸಿಕೊಂಡು, ನಿಮ್ಮ ಹೊತ್ತಿನ ವಿಚಾರವೇನು ಎಂದು ಕೇಳಿದೆ.

“ನಮ್ದೆಲ್ಲಿ ಟೈಮು ಮೇಡಂ” ಎಂದು ನಕ್ಕರು. “ನೀವು ಎದ್ದಾಗ ನಾವು ಎದ್ದು ಹೋಗೋದು. ಐದೂಕಾಲಿನ ಬಸ್ಸು ತಪ್ಪಿದ್ರೆ ಏಳು ಗಂಟೆಗೇ ಇನ್ನೊಂದು ಇರೋದು. ಅಲ್ಲಿವರ್ಗೂ ಸ್ಟ್ಯಾಂಡಲ್ಲಿ ಕೂತಿರ್ತೀನಿ, ಅಷ್ಟೇಯ.”

ಕಂಪ್ಯೂಟರ್ ಮೇಷ್ಟ್ರು ಹತ್ತೊಂಬತ್ತನೆಯ ಕ್ಯಾಲೆಂಡರು ತೆರೆದು, ಸೋಮವಾರದಿಂದ ಶುಕ್ರವಾರದವರೆಗೆ ಐದು ಗಂಟೆಯಿಂದಾಚೆ ಒಂದು ಪಟ್ಟಿ ಎಳೆದರು. ಕಾರಣದ ಜಾಗದಲ್ಲಿ ಏನೂ ಬರೆಯಲಿಲ್ಲ. ಅಂದಿನಿಂದ ನಾಲ್ಕೂವರೆಗೆ ಶುರುವಾಗುವ ಸಭೆಗಳು ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಮೊದಲು ಒಂದೂವರೆ ಗಂಟೆ ಮಾತಾಡುತ್ತಿದ್ದ ವಿಷಯಗಳೇ.